ಮುದ್ದೆಗೆ ಮರುಳಾಗುವ ಮೀನು

ಹುಲಿಯೂರುದುರ್ಗದ ಹುಡುಗರಿಗೆ ‘ಅಡ್ವೆಂಚರ್’ ಎನ್ನುವ ಪದ ಕಲಿಸಿದ್ದೇ ಬೆಂಗಳೂರಿನವರು. ನಮಗೆ ಅದು ಬೆಟ್ಟ, ಅಷ್ಟೇ. ಕುರಿ ಮೇಯಿಸುವ ಜಾಗ, ಪಿಯುಸಿಯಲ್ಲಿ ಕ್ಲಾಸಿಗೆ ಚಕ್ಕರ್ ಹೊಡೆದು ಕೂತು ಕಡಲೆಕಾಯಿ ತಿಂದ ಜಾಗ. ಭಾನುವಾರ ಬೆಳಕು ಹರಿಯುವ ಮೊದಲೇ ಬೈಕುಗಳು ಬರುತ್ತವೆ. ಹತ್ತುತ್ತಾರೆ, ಪಾಳು ಕೋಟೆಯ ಮುಂದೆ ಸೆಲ್ಫಿ ತೆಗೆಯುತ್ತಾರೆ, ಇಳಿದು ಇಡ್ಲಿ ತಿಂದು ಹೊರಟುಬಿಡುತ್ತಾರೆ. ಊರಿಗೆ ಉಳಿಯುವುದು ಇಡ್ಲಿ ಕಾಸು ಮತ್ತು ಖಾಲಿ ನೀರಿನ ಬಾಟ್ಲಿ.

ಇಂಥ ನಾನು ‘ಅಡ್ವೆಂಚರ್ ಕ್ಯಾಂಪ್’ ನೋಡಿದ್ದು ಭಾವನ ದಯೆಯಿಂದ. ಅವರ ಆಫೀಸಿನವರು ಭೀಮೇಶ್ವರಿಯಲ್ಲಿ ಎರಡು ರಾತ್ರಿ ಬುಕ್ ಮಾಡಿದ್ದರು. ಅಕ್ಕನಿಗೆ ಹೋಗಲಾಗಲಿಲ್ಲ. ‘ಕಟ್ಟಿದ ದುಡ್ಡು ವಾಪಸ್ ಬರಲ್ಲ, ನೀನೇ ಬಾರೋ’ ಎಂದರು ಭಾವ. ಬಿ.ಕಾಂ. ಮುಗಿಸಿ, ಎಫ್‌ಡಿಎ ಪುಸ್ತಕ ಹಿಡಿದು ಮನೆಯಲ್ಲೇ ಇದ್ದ ನನಗೆ ಬೇಡ ಎನ್ನಲು ಕಾರಣವೇ ಇರಲಿಲ್ಲ.

ಮದ್ದೂರು, ಮಳವಳ್ಳಿ, ಹಲಗೂರು. ಅಲ್ಲಿಂದ ಆಟೊ. ಆಮೇಲೆ ಕಾಡು. ಫೋನಿನ ಸಿಗ್ನಲ್ ಕಡ್ಡಿಗಳು ಒಂದೊಂದೇ ಮಾಯವಾದವು. ನಮ್ಮ ಜಿಲ್ಲೆಯ ದೇವರಾಯನದುರ್ಗದಲ್ಲಿ ಹುಟ್ಟಿ, ಮಾರ್ಕೋನಹಳ್ಳಿ ಜಲಾಶಯ ತುಂಬಿ, ಮದ್ದೂರು ದಾಟುವ ಶಿಂಷಾ ನದಿ ಭೀಮೇಶ್ವರಿಗಿಂತ ಮೇಲೆಯೇ ಕಾವೇರಿಗೆ ಸೇರಿಬಿಡುತ್ತದೆ. ಹಾಗಾಗಿ ನಾನು ಹೋಗುವ ಮೊದಲೇ ನಮ್ಮ ಕಡೆಯ ನೀರು ಅಲ್ಲಿಗೆ ಹೋಗಿತ್ತು!

ಭೀಮೇಶ್ವರಿ ಕ್ಯಾಂಪ್ ನಡೆಸುವುದು ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. 1980ರಲ್ಲಿ ಶುರುವಾದ ಕರ್ನಾಟಕ ಸರ್ಕಾರದ್ದೇ ಕಂಪನಿ. ಸುತ್ತಲಿನ ಕಾಡು 1987ರಲ್ಲಿ ಕಾವೇರಿ ವನ್ಯಜೀವಿ ಧಾಮ ಎಂದು ಘೋಷಣೆಯಾಯಿತು. ನಮಗೆ ಸಿಕ್ಕಿದ್ದು ಕಂಬಗಳ ಮೇಲೆ ನಿಂತ ಮರದ ಮನೆ. ಬಾಗಿಲು ತೆಗೆದರೆ ಹೊಳೆ ಮತ್ತಿ ಮರಗಳು, ಅವುಗಳ ಆಚೆ ನದಿ. ರಾತ್ರಿ ಊಟ ಆದಮೇಲೆ ಒಬ್ಬೊಬ್ಬರೇ ಓಡಾಡಬೇಡಿ, ಆನೆ ಬರುತ್ತೆ ಎಂದು ಮೊದಲೇ ಹೇಳಿದ್ದರು. ನಿದ್ದೆ ಬರಲಿಲ್ಲ, ಆದರೆ ಆನೆ ಭಯದಿಂದಲ್ಲ. ರಾತ್ರಿಯಿಡೀ ಲಾರಿ ಸದ್ದು ಕೇಳುವ ರಸ್ತೆ ಬದಿಯ ಮನೆಯಲ್ಲಿ ಬೆಳೆದವನಿಗೆ ಬರೀ ನೀರಿನ ಸದ್ದು ಸಾಕಾಗಲಿಲ್ಲ.

ಬೆಳಿಗ್ಗೆ ಎಲ್ಲರೂ ಹಗ್ಗದಾಟ, ಜಿಪ್‌ಲೈನ್ ಅಂತ ಓಡಿದರು. ಜಿಪ್‌ಲೈನ್ ಚೆನ್ನಾಗಿದೆ. ಒಂದು ನಿಮಿಷದಲ್ಲಿ ಮುಗಿಯುತ್ತದೆ, ಅದರ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ತೆಪ್ಪ ಮತ್ತು ಅದರ ಹುಟ್ಟು ಹಾಕುತ್ತಿದ್ದ ಅಣ್ಣ. ವಯಸ್ಸು ಐವತ್ತರ ಮೇಲೆ. ‘ಯಾವೂರು ತಮ್ಮಾ?’ ಎಂದರು. ಹೇಳಿದೆ. ‘ಓ, ದುರ್ಗದೋರು. ಮುದ್ದೆ ತಿನ್ನೋರು. ನಮ್ಮ ಮೀನೂ ಮುದ್ದೇನೇ ತಿನ್ನೋದು’ ಎಂದು ನಕ್ಕರು.

ತಮಾಷೆ ಅಂದುಕೊಂಡಿದ್ದೆ. ನಿಜವಂತೆ. ಮಹಶೀರ್ ಮೀನಿಗೆ ಗಾಳ ಹಾಕುವಾಗ ಬೇಯಿಸಿದ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸುತ್ತಿದ್ದರು. ಭೀಮೇಶ್ವರಿ ಹೆಸರಾಗಿದ್ದೇ ಈ ಮೀನಿನ ಕ್ಯಾಂಪ್ ಅಂತ. ಇಂಗ್ಲೆಂಡ್‌ನಿಂದ ಜನ ಬಂದು ವಾರಗಟ್ಟಲೆ ಕೂರುತ್ತಿದ್ದರು. ಹಿಡಿದು, ತೂಕ ನೋಡಿ, ಫೋಟೊ ತೆಗೆದು ಮತ್ತೆ ನೀರಿಗೇ ಬಿಡುವುದು ನಿಯಮ. ಮೀನು ಎಂದರೆ ಸಾಮಾನ್ಯ ಮೀನಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿ ನದಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕೆ.ಜಿ. ನನ್ನ ತೂಕಕ್ಕೆ ನಾಲ್ಕೇ ಕೆ.ಜಿ. ಕಮ್ಮಿ.

‘ನಮ್ಮಪ್ಪ ತೋಟೆ ಹಾಕಿ ಮೀನು ಹಿಡಿಯೋರು. ಒಂದು ತೋಟೆಗೆ ಮಡುವೆಲ್ಲಾ ಖಾಲಿ. ಕ್ಯಾಂಪ್ ಬಂದಮೇಲೆ ನಾನು ಮೀನು ತೋರ್ಸೋ ಕೆಲಸಕ್ಕೆ ಸೇರ್ದೆ. ಸಾಯಿಸೋದಕ್ಕಿಂತ ತೋರ್ಸೋದಕ್ಕೇ ಜಾಸ್ತಿ ಕೂಲಿ ಕೊಟ್ರು’ ಎಂದರು ಅಣ್ಣ. ಮಡು ಎಲ್ಲಿದೆ, ಸುಳಿ ಎಲ್ಲಿದೆ, ನೀರು ಏರಿದಾಗ ಮೀನು ಯಾವ ಬಂಡೆ ಮರೆಗೆ ಹೋಗುತ್ತದೆ, ಎಲ್ಲ ಅವರಿಗೆ ಗೊತ್ತು. ಅದೇ ಅವರ ಡಿಗ್ರಿ. ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧವೆಂದು ನಿಂತುಹೋದ ಮೇಲೆ ಗಾಳ ಹೋಗಿ ತೆಪ್ಪ ಬಂತು. ಅದೇ ವಿದ್ಯೆಯಿಂದ ಈಗ ತೆಪ್ಪದಲ್ಲಿ ಕೂತವರನ್ನು ಸುಳಿ ತಪ್ಪಿಸಿ ದಡ ಸೇರಿಸುತ್ತಾರೆ. ಲೈಫ್ ಜಾಕೆಟ್ ಬಿಚ್ಚಿ ಸೆಲ್ಫಿಗೆ ನಿಂತ ಒಬ್ಬ ಟೆಕ್ಕಿಗೆ ಅವರು ಬೈದ ರೀತಿ ನೋಡಬೇಕಿತ್ತು. ಪಕ್ಕದ ಮುತ್ತತ್ತಿಯಲ್ಲಿ ಈಜಲು ಇಳಿದು ಸುಳಿಗೆ ಸಿಕ್ಕವರ ಸುದ್ದಿ ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ.

ಬಿ.ಕಾಂ. ಓದಿದ ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಲೆಕ್ಕದ ಪುಸ್ತಕದ ಕಥೆ. ನದಿಯ ಕೆಳಗಡೆ ಇರುವ ಗಾಳಿಬೋರೆ ಕ್ಯಾಂಪಿನಲ್ಲಿ ಹಿಡಿದ ಮೀನುಗಳ ವಿವರವನ್ನು ಬರೆದಿಡುತ್ತಿದ್ದರು. ವರ್ಷಗಳ ನಂತರ ವಿಜ್ಞಾನಿಗಳು ಆ ದಾಖಲೆಗಳನ್ನೇ ತೆಗೆದು ಕೂತಾಗ, ಕಾವೇರಿಯ ಮೂಲ ಗೂನುಬೆನ್ನಿನ ಮಹಶೀರ್ ಕಡಿಮೆಯಾಗುತ್ತಿರುವುದೂ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ತುಂಬಿಕೊಳ್ಳುತ್ತಿರುವುದೂ ಗೊತ್ತಾಯಿತು. ಗೂನುಬೆನ್ನಿನ ಮೀನಿಗೆ ‘ಟಾರ್ ರೆಮಾದೇವಿ’ ಎಂಬ ವೈಜ್ಞಾನಿಕ ಹೆಸರು ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ತೀವ್ರ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಡೆಬಿಟ್-ಕ್ರೆಡಿಟ್ ಬರೆಯುವ ಪುಸ್ತಕಕ್ಕೆ ಇಷ್ಟು ಶಕ್ತಿ ಇದೆಯೆಂದು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ನಮ್ಮ ಬೆಟ್ಟ ಕಂಡಿತು. ಬೆಟ್ಟ ಹತ್ತಲು ಬಂದವರಿಗೆ ದಾರಿ ತೋರಿಸುವ ಒಬ್ಬನೂ ಊರಿನಲ್ಲಿ ಇಲ್ಲ. ಮಳೆ ಬಿದ್ದ ಮರುದಿನ ಯಾವ ಬಂಡೆ ಜಾರುತ್ತದೆ ಎಂದು ಗೊತ್ತಿರುವ ನಾವು ಮಾತ್ರ ಪೀಣ್ಯದ ಫ್ಯಾಕ್ಟರಿಗೆ ಬಯೋಡೇಟಾ ಕಳಿಸುತ್ತಾ ಕೂತಿದ್ದೇವೆ. ಬೆಂಗಳೂರಿನಲ್ಲಿ ಸಂಬಳ ಸಿಗುತ್ತದೆ, ನಿಜ. ಅದರಲ್ಲಿ ಪಿ.ಜಿ. ಬಾಡಿಗೆ ಕಳೆದರೆ ಮನೆಗೆ ಕಳಿಸಲು ಎಷ್ಟು ಉಳಿಯುತ್ತದೆ ಎನ್ನುವುದು ಈಗಾಗಲೇ ಹೋಗಿರುವ ಗೆಳೆಯರನ್ನು ಕೇಳಿದರೆ ತಿಳಿಯುತ್ತದೆ.

ಹಾಗಂತ ನಾಳೆಯೇ ‘ಗೈಡ್’ ಎಂದು ಬೋರ್ಡ್ ಹಾಕುವಂತಿಲ್ಲ. ಹಗ್ಗ ಕಟ್ಟಲು, ಪ್ರಥಮ ಚಿಕಿತ್ಸೆ ಕೊಡಲು, ಬಿದ್ದವರನ್ನು ಇಳಿಸಲು ಕಲಿಯಬೇಕು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ರಾಮನಗರದ ಬಂಡೆಗಳ ಮೇಲೆ ಬಂಡೆ ಹತ್ತುವ ತರಬೇತಿ ಕೊಡುತ್ತದೆ. ಪ್ರಾಣಿ-ಪಕ್ಷಿ ಕಡೆ ಒಲವಿದ್ದವರಿಗೆ ಜಂಗಲ್ ಲಾಡ್ಜಸ್‌ನವರದೇ ನ್ಯಾಚುರಲಿಸ್ಟ್ ತರಬೇತಿ ಇದೆ. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದರೆ, ಭಾನುವಾರಗಳಿಂದ ಮಾತ್ರ ತುಂಬುವುದಿಲ್ಲ ಎನ್ನುವುದೇ ನನ್ನ ಲೆಕ್ಕ. ಜೊತೆಗೆ ಇನ್ನೊಂದು ಕೆಲಸ ಇರಲೇಬೇಕು.

ಸದ್ಯಕ್ಕೆ ನಾನು ಮತ್ತು ಗೆಳೆಯ ಭಾನುವಾರ ಬೆಟ್ಟದ ಬುಡದಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂರುತ್ತಿದ್ದೇವೆ. ಎಷ್ಟು ಜನ ಬಂದರು, ಯಾವ ಊರಿನಿಂದ, ಯಾರಿಗೆ ಕಾಲು ಉಳುಕಿತು, ಎಷ್ಟು ಹೊತ್ತಿಗೆ ಇಳಿದರು, ಎಲ್ಲ ಬರೆಯುತ್ತಿದ್ದೇವೆ. ರಾಮನಗರದ ತರಬೇತಿಗೆ ಸೇರುತ್ತೇನೆ ಎಂದಾಗ ಅಮ್ಮ ‘ನಮ್ ಬೆಟ್ಟ ಹತ್ತಕ್ಕೂ ಸರ್ಟಿಫಿಕೇಟ್ ಬೇಕೇನ್ಲಾ?’ ಎಂದರು. ಅಪ್ಪ ಬೇಡ ಅನ್ನಲಿಲ್ಲ, ಎಫ್‌ಡಿಎ ಅರ್ಜಿಯನ್ನೂ ಹಾಕಬೇಕು ಎಂದು ಕಂಡೀಷನ್ ಹಾಕಿದರು. ಎರಡಕ್ಕೂ ಬೇಕಾದ ಫೋಟೊ ತೆಗೆಸಿಕೊಂಡು ಬಂದಿದ್ದೇನೆ.