ಪಾಡ್‌ಕಾಸ್ಟ್ ಪಠ್ಯ | ಬಸ್ಸಿನ ಹಿಂದೆ ಮರೆಯಾದ ಸ್ಕೂಟರು ಎರಡಾದದ್ದು ಹೇಗೆ?

ಇವತ್ತು ಎರ್ಮಾಳಿನಿಂದ ಶುರು ಮಾಡುವ. ಉಚ್ಚಿಲ ಮತ್ತು ಪಡುಬಿದ್ರಿಯ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ನಿಂತು ಮೊಬೈಲಿನಲ್ಲಿ ಹತ್ತು ನಿಮಿಷ ವಿಡಿಯೋ ಮಾಡಿದೆ. ಎಷ್ಟು ವಾಹನ ಹೋಯ್ತು ಅಂತ ಕಂಪ್ಯೂಟರೇ ಎಣಿಸಬೇಕು, ಅಷ್ಟೇ ಕೆಲಸ.

ವಾಹನ ಗುರುತಿಸುವುದು ಈಗ ಕಷ್ಟವಲ್ಲ. 2015ರಲ್ಲಿ ಬಂದ ಯೋಲೋ ಮಾದರಿ ಒಂದು ಚಿತ್ರವನ್ನು ಒಂದೇ ಸಲ ನೋಡಿ ಬಸ್ಸು, ಬೈಕು, ಜನ ಎಲ್ಲದಕ್ಕೂ ಚೌಕ ಹಾಕ್ತದೆ. ಆದರೆ ಅದಕ್ಕೆ ನೆನಪು ಇಲ್ಲ. ಸೆಕೆಂಡಿಗೆ 30 ಚಿತ್ರ ಇದ್ದರೆ, ಐದು ಸೆಕೆಂಡು ಕಾಣುವ ಒಂದೇ ಬಸ್ಸು ಅದರ ಪಾಲಿಗೆ 150 ಬಸ್ಸು!

ಹಾಗಾಗಿ ಪ್ರತಿಯೊಂದಕ್ಕೂ ಒಂದು ನಂಬರ್ ಕೊಟ್ಟು ಬೆನ್ನುಹತ್ತಬೇಕು. 2016ರ ಸಾರ್ಟ್ ವಿಧಾನ ಇದನ್ನು ಹಳೆಯ ಗಣಿತದಿಂದಲೇ ಮಾಡ್ತು. 1960ರ ಕಾಲ್ಮನ್ ಫಿಲ್ಟರ್ ಮುಂದಿನ ಚಿತ್ರದಲ್ಲಿ ಬಸ್ಸು ಎಲ್ಲಿರಬಹುದು ಅಂತ ಅಂದಾಜು ಮಾಡ್ತದೆ. ಆ ಅಂದಾಜಿನ ಚೌಕಕ್ಕೂ ನಿಜವಾಗಿ ಸಿಕ್ಕಿದ ಚೌಕಕ್ಕೂ ಜೋಡಿ ಕೂಡಿಸ್ಲಿಕ್ಕೆ 1955ರ ಹಂಗೇರಿಯನ್ ವಿಧಾನ. ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡು. ಅಷ್ಟರೊಳಗೆ ಎಲ್ಲ ಮುಗೀಬೇಕು.

ತೊಂದರೆ ಇರುವುದು ನಮ್ಮ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ಅದರ ಆಚೆ ಬದಿ ಹೋಗುವ ಸ್ಕೂಟರು ಒಂದೆರಡು ಸೆಕೆಂಡು ಮಾಯ. ಹೊರಗೆ ಬಂದಾಗ ಕಂಪ್ಯೂಟರ್ ಹೊಸ ನಂಬರ್ ಕೊಡ್ತದೆ, ಲೆಕ್ಕದಲ್ಲಿ ಸ್ಕೂಟರು ಎರಡು. 2017ರ ಡೀಪ್‌ಸಾರ್ಟ್ ಇದಕ್ಕೆ ಡೀಪ್ ಲರ್ನಿಂಗ್ ತಂದಿತು. ಪ್ರತಿ ವಸ್ತುವಿನ ರೂಪವನ್ನು 128 ಅಂಕಿಗಳಾಗಿ ಬರೆದಿಟ್ಟು, 'ಇದು ಅದೇ ಅಲ್ವಾ?' ಅಂತ ಹೋಲಿಸುವುದು. ಒಳ್ಳೆಯದೇ. ಆದರೆ ಎರಡು ಆಟೋ ಪಕ್ಕಪಕ್ಕ ಬಂದರೆ ರೂಪ ನೋಡಿ ಏನು ಪ್ರಯೋಜನ? ಕಾಣೆಯಾದದ್ದಕ್ಕೆ ಹೆಚ್ಚು ಹೊತ್ತು ಕಾದರೆ ಹಳೆ ನಂಬರ್ ಬೇರೆಯವನಿಗೆ ಹೋಗ್ತದೆ.

ನನಗೆ ಹೆಚ್ಚು ಹಿಡಿಸಿದ್ದು 2021ರ ಬೈಟ್‌ಟ್ರ್ಯಾಕ್. ಅರ್ಧ ಮರೆಯಾದ ಸ್ಕೂಟರಿನ ಬಗ್ಗೆ ಯಂತ್ರಕ್ಕೆ ಖಾತ್ರಿ ಕಡಿಮೆ. ಹಿಂದಿನ ವಿಧಾನಗಳು ಅಂಥ ಚೌಕವನ್ನು ಬಿಸಾಡ್ತಿದ್ದವು. ಇದು ಬಿಸಾಡುವುದಿಲ್ಲ. ಮೊದಲು ಖಚಿತವಾದದ್ದನ್ನು ಜೋಡಿಸಿ, ಉಳಿದ ನಂಬರುಗಳಿಗೆ ಈ ಮಸುಕು ಚೌಕಗಳು ಹೊಂದ್ತವಾ ಅಂತ ನೋಡ್ತದೆ.

ಒಂದು ಸ್ಕೂಟರು ಹೆಚ್ಚಾದರೆ ಏನಾಯ್ತು ಅಂತ ಕೇಳಬಹುದು. ಎರ್ಮಾಳಿನಂಥ ಊರಲ್ಲಿ ಶಾಲೆ ಮಕ್ಕಳು, ಮೀನು ಮಾರುವವರು ಇದೇ ಹೆದ್ದಾರಿ ದಾಟಬೇಕು. ದಾಟುವ ವ್ಯವಸ್ಥೆ ಬೇಕೋ ಅಂತ ತೀರ್ಮಾನಿಸ್ಲಿಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಒಂದು ಸೂತ್ರ ಉಂಟು: ಗಂಟೆಗೆ ದಾಟುವ ಜನರನ್ನು ವಾಹನ ಸಂಖ್ಯೆಯ ವರ್ಗದಿಂದ ಗುಣಿಸುವುದು. ವರ್ಗ, ಗಮನಿಸಿ. ವಾಹನ ಶೇ. 10 ಕಡಿಮೆ ಎಣಿಸಿದರೆ ಉತ್ತರ ಶೇ. 19 ಇಳೀತದೆ, ಶೇ. 10 ಹೆಚ್ಚು ಎಣಿಸಿದರೆ ಶೇ. 21 ಏರ್ತದೆ.

ಹಾಗಾಗಿ ನಾನು ಆ ವಿಡಿಯೋದ ಎರಡು ನಿಮಿಷವನ್ನು ನಿಧಾನಕ್ಕೆ ಓಡಿಸಿ, ಪೆನ್ನು ಹಿಡಿದು ಕೈಯಲ್ಲೇ ಎಣಿಸಿದೆ. ಬಸ್ಸು, ಲಾರಿ ಎರಡೂ ಕಡೆ ಸರಿಹೊಂದಿತು. ಸ್ಕೂಟರಿನ ಲೆಕ್ಕ ಮಾತ್ರ ಇನ್ನೂ ಹೊಂದಿಲ್ಲ.