ಪೆಟ್ಟಿಗೆಯಲ್ಲಿ ಬಂದ ತಂಬೂರಿ

ಮಕ್ಕಳೇ, ತಂತಿಯೇ ಇಲ್ಲದ ತಂಬೂರಿ ನೋಡಿದ್ದೀರಾ? ಸಂಗೀತದ ಕ್ಲಾಸಿಗೆ ಹೋಗುವವರು ನೋಡಿರುತ್ತೀರಿ. ಊಟದ ಡಬ್ಬಿಗಿಂತ ತುಸು ದೊಡ್ಡ ಪೆಟ್ಟಿಗೆ, ಮೈಮೇಲೆ ತಿರುಗಿಸುವ ನಾಲ್ಕೈದು ಗುಂಡಿ. ಸ್ವಿಚ್ ಹಾಕಿದರೆ ಸಾಕು, ನಾಲ್ಕು ತಂತಿಗಳನ್ನು ಒಂದಾದ ಮೇಲೊಂದು ಮೀಟಿದ ಹಾಗೆ ಪ, ಸ, ಸ, ಕೆಳಗಿನ ಸ.

ಇದನ್ನು ಮೊದಲು ಮಾಡಿದವರು ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್. ಓದಿನಿಂದ ಎಂಜಿನಿಯರ್, ಒಲವಿನಿಂದ ಕೊಳಲು ವಾದಕರು. 1979ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಇದನ್ನು ತೋರಿಸಿದರು. ಅವರ ರೇಡೆಲ್ ಕಂಪನಿಯ ತಂಬೂರಿ, ಶ್ರುತಿ ಪೆಟ್ಟಿಗೆ, ತಬಲಾ ಪೆಟ್ಟಿಗೆಗಳು ಇಂದು ಎಷ್ಟೋ ಮನೆಗಳಲ್ಲಿವೆ.

ಕರೆಂಟಿನಿಂದ ಸಂಗೀತ ಹುಟ್ಟಿಸುವ ಹುಚ್ಚು ಇದಕ್ಕೂ ಹಳೆಯದು. ಆ ಹುಚ್ಚಿನಲ್ಲಿ ಜರ್ಮನರು ಮುಂದಿದ್ದರು. 1930ರಲ್ಲಿ ಬರ್ಲಿನ್ನಿನಲ್ಲಿ ಫ್ರೀಡ್ರಿಕ್ ಟ್ರೌಟ್‌ವೈನ್ ‘ಟ್ರೌಟೋನಿಯಂ’ ಎಂಬ ವಾದ್ಯ ತೋರಿಸಿದರು. ಲೋಹದ ಪಟ್ಟಿಯ ಮೇಲೆ ಬಿಗಿದ ಒಂದು ತಂತಿ. ಬೆರಳಿಂದ ಎಲ್ಲಿ ಒತ್ತುತ್ತೀರೋ ಅಲ್ಲಿಗೆ ತಕ್ಕ ಸ್ವರ. ಬೆರಳು ಜಾರಿಸಿದರೆ ಸ್ವರವೂ ಜಾರುತ್ತದೆ. ನಮ್ಮವರ ಕೈಗೆ ಸಿಕ್ಕಿದ್ದರೆ ಮೀಂಡ್ ಎಳೆದೇ ಬಿಡುತ್ತಿದ್ದರು! 1951ರಲ್ಲಿ ಕಲೋನ್ ನಗರದ ರೇಡಿಯೊ ಕೇಂದ್ರ ಇದಕ್ಕಾಗಿಯೇ ಸ್ಟುಡಿಯೊ ತೆರೆಯಿತು. ಅಲ್ಲಿ ಸ್ಟಾಕ್‌ಹೌಸೆನ್ ಎಂಬ ತರುಣ ಯಂತ್ರದ ದನಿಗಳನ್ನು ಟೇಪಿನ ಮೇಲೆ ಹಿಡಿದು, ಆ ಟೇಪು ಕತ್ತರಿಸಿ ಅಂಟಿಸಿ ಸಂಗೀತ ಕಟ್ಟಿದ. ಆಮೇಲೆ 1970ರಲ್ಲಿ ಡ್ಯುಸೆಲ್‌ಡಾರ್ಫಿನ ರಾಲ್ಫ್ ಹ್ಯೂಟರ್, ಫ್ಲೋರಿಯಾನ್ ಶ್ನೈಡರ್ ಸೇರಿ ‘ಕ್ರಾಫ್ಟ್‌ವರ್ಕ್’ ತಂಡ ಮಾಡಿದರು. ಹೆದ್ದಾರಿಯ ಕಾರು ಪ್ರಯಾಣವನ್ನೇ 22 ನಿಮಿಷದ ಹಾಡು ಮಾಡಿದರು, 1974ರಲ್ಲಿ. ಈಗ ಮದುವೆ ಮೆರವಣಿಗೆಯಲ್ಲಿ ಕಿವಿ ಒಡೆಯುವ ಡಿಜೆಯ ತಾಳಕ್ಕೂ ಅವರದೇ ವಂಶಾವಳಿ ಇದೆ. ಅದಕ್ಕೆ ಅವರನ್ನು ಬೈಯಬೇಡಿ.

ಜರ್ಮನರು ಹುಡುಕಿದ್ದು ಯಾರೂ ಕೇಳದ ದನಿಯನ್ನು. ರಾಜ್ ನಾರಾಯಣ್ ಹಿಡಿಯಹೊರಟದ್ದು ಎಲ್ಲರೂ ಕೇಳಿದ ದನಿಯನ್ನು. ನನಗೆ ಎರಡನೆಯದೇ ಕಷ್ಟ ಅನ್ನಿಸುತ್ತದೆ. ಹೊಸ ದನಿ ಹೇಗಿದ್ದರೂ ನಡೆದೀತು. ತಂಬೂರಿ ತಪ್ಪಿದರೆ ಹಾಡುವವರು ತಕ್ಷಣ ಹಿಡಿಯುತ್ತಾರೆ. ಅದರ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ ದನಿ ಝೇಂಕರಿಸುತ್ತದೆ, ಇಲ್ಲವೇ ಮಂಕಾಗುತ್ತದೆ. ಇದೇ ಜವಾರಿ. ಇದನ್ನು ಪೆಟ್ಟಿಗೆಯೊಳಗೆ ತರುವುದು ಸಣ್ಣ ಮಾತೇ?

ನಮ್ಮ ಕೆಂಭಾವಿಯಂಥ ಊರಿಗೆ ಆ ಪೆಟ್ಟಿಗೆ ಏನು ಮಾಡಿತು ಅಂತ ಹೇಳಬೇಕು. ನನ್ನ ಹೆಂಡತಿ ತವರಿನಲ್ಲಿ ಹಾಡು ಕಲಿತವಳು. ಮದುವೆಯಾದ ವರ್ಷ ಅವಳ ತಂಬೂರಿ ಬಸ್ಸಿನ ಮೇಲೆ ಬಂತು. ಇಳಿಸಿದಾಗ ಬುರುಡೆ ಸೀಳಿತ್ತು. ರಿಪೇರಿ ಅಂದರೆ ಮಿರಜಿಗೇ ಹೋಗಬೇಕು. ನನ್ನ ಕ್ಲರ್ಕ್ ಸಂಬಳದಲ್ಲಿ ಅದು ಮುಂದೆ ಮುಂದೆ ಹೋಯಿತು, ಅವಳ ಹಾಡೂ ನಿಂತಿತು. ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಬ್ಯಾಂಕಿನ ಹಬ್ಬದ ಮುಂಗಡದಲ್ಲಿ ಒಂದು ಪೆಟ್ಟಿಗೆ ತಂದೆ. ಮರುದಿನ ನಸುಕಿನಲ್ಲಿ ಅಡುಗೆಮನೆಯಿಂದ ಷಡ್ಜ ಕೇಳಿತು. “ದನಿ ಕಟ್ಟೇದ ನೋಡ್ರಿ” ಅಂದಳು. ಆದರೆ ನಿಲ್ಲಿಸಲಿಲ್ಲ.

ಮಠದ ಸೋಮವಾರದ ಭಜನೆಗೂ ಅದನ್ನು ಒಯ್ದೆ. ಏಕತಾರಿ ಹಿಡಿದು ತತ್ವಪದ ಹಾಡುವ ಅಜ್ಜ ಒಬ್ಬರಿದ್ದರು. ಪೆಟ್ಟಿಗೆಯನ್ನು ದಿಟ್ಟಿಸಿ, “ಛಲೋ ಐತಪ್ಪ, ಆದ್ರ ನಾ ಉಸಿರು ತಗೊಂಡಾಗ ಇದು ನಿಂದ್ರಂಗಿಲ್ಲಲ್ಲ?” ಅಂದರು. ಅರ್ಧ ಪದಕ್ಕೆ ಕರೆಂಟ್ ಹೋಯಿತು. ಪೆಟ್ಟಿಗೆ ಗಪ್ಪಾಯಿತು, ಅಜ್ಜನ ಏಕತಾರಿ ನಡೆದೇ ಇತ್ತು. ಯಾರೂ ನಗಲಿಲ್ಲ, ಹಾಡು ಮುಂದುವರಿಯಿತು.

ನನಗೆ ಕಾಡುವ ವಿಷಯ ಬೇರೆ. ಹಿಂದೆ ಗುರುಗಳು ಹಾಡುವಾಗ ಹಿಂದೆ ಕೂತು ತಂಬೂರಿ ಮೀಟುವುದು ಶಿಷ್ಯನ ಪಾಲು. ಗಂಟೆಗಟ್ಟಲೆ ಮೀಟುತ್ತ, ಗುರುಗಳ ಬೆನ್ನಿಗೆ ಕಿವಿಯಾಗಿ ಅವನು ಕಲಿಯುತ್ತಿದ್ದ. ಪೆಟ್ಟಿಗೆ ಬಂದಲ್ಲಿ ಆ ಜಾಗ ಖಾಲಿ. ಈಗಂತೂ ಪೆಟ್ಟಿಗೆಯೂ ಮೊಬೈಲಿನೊಳಗೆ ಹೋಗಿದೆ.

ಮಿರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಎಲ್ಲಾದರೂ ಒಂದು ಕಂಡರೆ, ಕೇಳಿಕೊಂಡು ಮೀಟಿ ನೋಡಿ. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಜಗ್ಗಬೇಡಿ, ಸವರಿ ಬಿಡಿ.