ಎರಡು ಪುಟಕ್ಕೆ ಮೂರು ತಿಂಗಳು

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಹಿಂಜವಡಿಯ ಆಫೀಸಿನಲ್ಲಿ ಕುಳಿತು ದಿನವಿಡೀ ಕೋಡ್ ಬರೆಯುವ ನನಗೆ ಎರಡು ಪುಟ ಬರೆಯುವುದು ಯಾವ ಮಹಾ ಕೆಲಸ ಅನ್ನಿಸಿತ್ತು. ಆ ಎರಡು ಪುಟ ಮೂರು ತಿಂಗಳು ತಿಂದವು.

ಆ ಎರಡು ಪುಟಕ್ಕೆ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಅಂತ ಹೆಸರು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿಗೆ ಅರ್ಜಿ ಹಾಕುವವರು ‘ನಾನು ಯಾಕೆ ಬರುತ್ತಿದ್ದೇನೆ, ಬಂದು ಏನು ಮಾಡುತ್ತೇನೆ’ ಎಂದು ಬರೆದುಕೊಡಬೇಕಾದ ಕಾಗದ. ಎಂಟೆಕ್ ಮಾಡಿ, ಮೂವತ್ತನಾಲ್ಕು ದಾಟಿ, ಹೋಂಲೋನ್ ಕಟ್ಟುತ್ತಿರುವವನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು.

ನಾನಿರುವುದು ಆನ್‌ಲೈನ್ ಮಾರಾಟದ ಬೆಲೆ ನಿಗದಿ ಮಾಡುವ ತಂಡದಲ್ಲಿ. ಬೆಲೆ ಹತ್ತು ರೂಪಾಯಿ ಏರಿಸಿದರೆ ಎಷ್ಟು ಜನ ಬಿಟ್ಟು ಹೋಗುತ್ತಾರೆ ಎಂದು ಲೆಕ್ಕ ಹಾಕುವುದೇ ಕೆಲಸ. ಒಂದು ದಿನ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಕಣ್ಣಿಗೆ ಬಿತ್ತು. ಕೇರಳದ ಕರಾವಳಿಗೆ ಮೊಬೈಲ್ ಬಂದ ಮೇಲೆ ಮೀನುಗಾರರು ದೋಣಿಯಲ್ಲೇ ಫೋನ್ ಮಾಡಿ, ದರ ಇದ್ದ ಕಡೆ ಮೀನು ಇಳಿಸತೊಡಗಿದರು. ಊರಿಂದೂರಿಗೆ ಇದ್ದ ಬೆಲೆಯ ಅಂತರ ಕುಗ್ಗಿತು, ಮೀನು ಕೊಳೆತು ಹಾಳಾಗುವುದು ನಿಂತಿತು. ಇದನ್ನು ಅಂಕಿ ಅಂಶ ಇಟ್ಟು ತೋರಿಸಿದ ಪ್ರಬಂಧ ಅದು. ಓದಿದಾಗ ನನಗೆ ನೆನಪಾಗಿದ್ದು ನಮ್ಮ ಬ್ಯಾಡಗಿ ಮೆಣಸಿನಕಾಯಿ ಪೇಟೆ. ಅಪ್ಪನಿಗೆ ಹಾವೇರಿ ಜಿಲ್ಲೆಯಲ್ಲಿ ನಾಲ್ಕು ಎಕರೆ ಇದೆ.

ಅಲ್ಲಿಂದ ಶುರುವಾಯಿತು. ರಾತ್ರಿ ಹೊತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳನ್ನು ಮುಗಿಸಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ಪಾಠಗಳನ್ನು ಪಾತ್ರೆ ತೊಳೆಯುತ್ತ ಕೇಳಿದೆ. ಆಮೇಲೆ ಬರೆಯಲು ಕುಳಿತೆ.

ಮೊದಲ ಕರಡು ಹೀಗಿತ್ತು: ‘ಚಿಕ್ಕಂದಿನಿಂದಲೂ ನನಗೆ ಸಮಾಜದ ಅಸಮಾನತೆ ಕಾಡುತ್ತಿತ್ತು.’ ಆಮೇಲೆ ಬಡತನ, ಭಾರತ, ನೊಬೆಲ್, ನನ್ನ ಪರಿಶ್ರಮ. ಎಂಟೆಕ್ ಗೆಳೆಯನ ಅಕ್ಕ ಅಲ್ಲೇ ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿದ್ದಾರೆ. ಅವರಿಗೆ ಕಳಿಸಿದೆ. ಮರುದಿನ ಫೋನ್ ಬಂತು.

“ಚೆನ್ನಾಗಿದೆ. ಇದನ್ನ ನಿನ್ನ ರಿಟೈರ್‌ಮೆಂಟ್ ಭಾಷಣಕ್ಕೆ ಇಟ್ಕೊ. ಇದರಲ್ಲಿ ಪ್ರಶ್ನೆ ಎಲ್ಲಿದೆ?”

“ಪ್ರಶ್ನೆ ಅಂದ್ರೆ ಅಕ್ಕಾ?”

“ಓದೋರಿಗೆ ನೀನು ಒಳ್ಳೆಯವನಾ ಅನ್ನೋದು ಬೇಕಿಲ್ಲಪ್ಪ. ಐದಾರು ವರ್ಷ ಒಂದು ಪ್ರಶ್ನೆ ಹಿಡಕೊಂಡು ಕೂರ್ತೀಯಾ, ಮೊದಲನೇ ವರ್ಷದ ಗಣಿತದಲ್ಲಿ ಮುಳುಗದೆ ಉಳೀತೀಯಾ, ಅಷ್ಟು ಗೊತ್ತಾಗ್ಬೇಕು.”

ಅವರು ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲ ಪ್ಯಾರಾದಲ್ಲಿ ಬಾಲ್ಯ ಬೇಡ, ಸಂಶೋಧನೆಯ ಪ್ರಶ್ನೆ ಇರಲಿ. ಮೊದಲ ವರ್ಷ ಮೈಕ್ರೋ, ಮ್ಯಾಕ್ರೋ, ಎಕನಾಮೆಟ್ರಿಕ್ಸ್ ಮೂರೂ ಗಣಿತದ ಮೇಲೆಯೇ ನಿಂತಿರುತ್ತವೆ. ಹಾಗಾಗಿ ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ರಿಯಲ್ ಅನಾಲಿಸಿಸ್ ಓದಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ನಾನು ರಿಯಲ್ ಅನಾಲಿಸಿಸ್ ಓದಿರಲಿಲ್ಲ. ಅದನ್ನು ಮುಚ್ಚಿಡದೆ, ಈಗ ಓದುತ್ತಿದ್ದೇನೆ ಎಂದು ಬರೆದೆ. ಪ್ರತಿ ವಿಶ್ವವಿದ್ಯಾಲಯಕ್ಕೂ ಕೊನೆಯ ಪ್ಯಾರಾ ಬೇರೆ ಇರಬೇಕು. ಅಲ್ಲಿನ ಇಬ್ಬರು ಮೂವರು ಪ್ರಾಧ್ಯಾಪಕರ ಕೆಲಸವನ್ನು ನಿಜವಾಗಿ ಓದಿ, ನಮ್ಮ ಪ್ರಶ್ನೆಗೂ ಅದಕ್ಕೂ ಏನು ಸಂಬಂಧ ಎಂದು ಬರೆಯಬೇಕು. ಹೊಗಳಿಕೆ ಬೇಡ. ಇಷ್ಟಾದರೂ ಪ್ರಾಧ್ಯಾಪಕರ ಮೂರು ಶಿಫಾರಸು ಪತ್ರಗಳ ತೂಕ ಈ ಎರಡು ಪುಟಕ್ಕಿಂತ ಹೆಚ್ಚು. ಎಂಟೆಕ್ ಗೈಡ್‌ಗೆ ಎಂಟು ವರ್ಷದ ಮೇಲೆ ಫೋನ್ ಮಾಡುವಾಗ ನನ್ನ ಕೈ ನಡುಗಿದ್ದು ಸುಳ್ಳಲ್ಲ.

ಆದರೆ ಪ್ರಶ್ನೆ? ನಾನು ಬರೆದುಕೊಂಡಿದ್ದು ಇಷ್ಟು: ಕರ್ನಾಟಕದ ಎಪಿಎಂಸಿಗಳು 2014ರಿಂದ ಒಂದೊಂದಾಗಿ ಏಕೀಕೃತ ಆನ್‌ಲೈನ್ ವ್ಯವಸ್ಥೆಗೆ ಬಂದವು. ಖರೀದಿದಾರರು ಲಾಟ್ ನೋಡಿ ಕಂಪ್ಯೂಟರ್‌ನಲ್ಲಿ ದರ ಹಾಕುತ್ತಾರೆ, ದರ ಒಪ್ಪದಿದ್ದರೆ ರೈತ ಬೇಡ ಎನ್ನಬಹುದು. ಇದರಿಂದ ರೈತನಿಗೆ ಸಿಗುವ ಬೆಲೆ ಏರಿತೇ? ಬರೆದು ಮುಗಿಸಿ, ದೊಡ್ಡದೇನೋ ಕಂಡುಹಿಡಿದವನ ಹಾಗೆ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಲ್ಲಪಾ, ದಲಾಲಿ ಅಂಗಡ್ಯಾಗ ಬೀಜಕ್ಕ, ಗೊಬ್ಬರಕ್ಕ ಸಾಲ ಮಾಡಿದಾಂವ್ಗ ಈ ರೇಟು ಬ್ಯಾಡ ಅನ್ನಾಕ ಬಾಯಿ ಎಲ್ಲೈತಿ?” ಅಂದರು.

ಪ್ರಶ್ನೆ ಸಿಕ್ಕಿತು. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ, ಆದರೆ ದಲಾಲರ ಸಾಲದಲ್ಲಿರುವ ರೈತ ಅದನ್ನು ಬಳಸುತ್ತಾನೆಯೇ? ಆನ್‌ಲೈನ್ ಟೆಂಡರ್‌ನ ಲಾಭ ಸಾಲ ಇಲ್ಲದವನಿಗೆ ಎಷ್ಟು, ಇರುವವನಿಗೆ ಎಷ್ಟು? ಸಾಲ ಮತ್ತು ಮಾರಾಟ ಒಂದೇ ಕೈಗೆ ಗಂಟು ಬೀಳುವ ಈ ವ್ಯವಹಾರದ ಬಗ್ಗೆ ಪ್ರಣಬ್ ಬರ್ಧನ್ ಅವರಂಥ ಅರ್ಥಶಾಸ್ತ್ರಜ್ಞರು ದಶಕಗಳಿಂದ ಬರೆದಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಅಪ್ಪ ಅದನ್ನು ಓದಿಲ್ಲ. ಎರಡು ಪುಟವನ್ನೂ ಅಳಿಸಿ ಹೊಸದಾಗಿ ಬರೆದೆ. ಈ ಸಲ ಅಕ್ಕ ತಿದ್ದಿದ್ದು ಎರಡೇ ವಾಕ್ಯ.

ಡಿಸೆಂಬರ್‌ನಲ್ಲಿ ಎಂಟು ಕಡೆ ಅರ್ಜಿ ಹೋಯಿತು. ಒಂದೊಂದಕ್ಕೂ ಸುಮಾರು ನೂರು ಡಾಲರ್ ಶುಲ್ಕ. ಕಳಿಸಿದ ರಾತ್ರಿ ಅಪ್ಪನಿಗೆ ಹೇಳಿದೆ. ಅಲ್ಲಿ ಫೀಸು ಬಿಟ್ಟು ಸ್ಟೈಪೆಂಡ್ ಕೊಡುತ್ತಾರೆ, ಆದರೆ ಈಗಿನ ಸಂಬಳದ ಲೆಕ್ಕದಲ್ಲಿ ಅದು ಕಡಿಮೆ ಎಂದೂ ಹೇಳಿದೆ.

“ಮನಿ ಸಾಲ ಎಷ್ಟ್ ವರ್ಷ ಉಳದೈತಿ?”

“ಹನ್ನೊಂದು.”

“ಮತ್ತ ಸೀಟು ಸಿಕ್ರ, ಕಂಪನಿಗೆ ಬ್ಯಾಡ ಅನ್ನಾಕ ನಿನಗ ಬಾಯಿ ಐತೇನು?”

ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಾನೂ ಹೆಂಡತಿಯೂ ಊಟದ ಟೇಬಲ್ಲಿನ ಮೇಲೆ ಲೆಕ್ಕ ಹಾಕಿದೆವು. ಫ್ಲ್ಯಾಟ್ ಬಾಡಿಗೆಗೆ ಕೊಟ್ಟರೆ ಎಷ್ಟು, ಅವಳ ಸಂಬಳದಲ್ಲಿ ಎಷ್ಟು, ಉಳಿತಾಯ ಎಷ್ಟು ದಿನ ಬಂದೀತು. ಎರಡೂ ಕೂಡಿ ಬರುವುದಿಲ್ಲ, ಫ್ಲ್ಯಾಟನ್ನೇ ಮಾರಬೇಕಾಗುತ್ತದೆ ಎಂದು ಅವಳೇ ಮೊದಲು ಹೇಳಿದಳು. ಪೆನ್ಸಿಲ್ ಕೆಳಗಿಟ್ಟು, “ಮೊದಲು ಸೀಟು ಬರಲಿ” ಅಂದಳು.

ಫೆಬ್ರುವರಿಯಿಂದ ಉತ್ತರ ಬರತೊಡಗುತ್ತವೆ. ಸೀಟು ಸಿಕ್ಕರೆ ಏಪ್ರಿಲ್ 15ರ ಒಳಗೆ ಹೌದೋ ಅಲ್ಲವೋ ಹೇಳಬೇಕು. ಅಷ್ಟರಲ್ಲಿ ಅಪ್ಪನ ಮೆಣಸಿನಕಾಯಿ ಪೇಟೆಗೆ ಬಂದಿರುತ್ತದೆ. ಈ ಸಲ ಎರಡು ದಿನ ರಜೆ ಹಾಕಿ ಬ್ಯಾಡಗಿಗೆ ಹೋಗುತ್ತೇನೆ, ಅಪ್ಪನ ಲಾಟಿನ ಪಕ್ಕ ನಿಂತು ಟೆಂಡರ್ ನೋಡಬೇಕು. ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ.